ಪಣ ಎಷ್ಟು, ಎಲೆ ಎಷ್ಟು?

ಎರಡು ಕೋಳಿ ಕಾಳಗಕ್ಕೆ ನಿಂತಿವೆ. ಮಂತ್ರ, ಔಷಧಿ ಎರಡೂ ಬಲ್ಲ ಒಬ್ಬ ಅಲ್ಲಿಗೆ ಬರ್ತಾನೆ. ಮೊದಲನೇ ಕೋಳಿಯ ಯಜಮಾನನನ್ನು ಬದಿಗೆ ಕರೆದು, ನಿನ್ನ ಕೋಳಿ ಗೆದ್ದರೆ ನಿನ್ನ ಪಣದಷ್ಟು ಹಣ ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲು ನಾನು ನಿನಗೆ ತುಂಬಿಕೊಡ್ತೀನಿ ಅಂತಾನೆ. ಆಮೇಲೆ ಎರಡನೆಯವನ ಹತ್ತಿರ ಹೋಗಿ ಅದೇ ಮಾತು, ಆದರೆ ಇವನಿಗೆ ಸೋತರೆ ನಾಲ್ಕರಲ್ಲಿ ಮೂರು ಪಾಲು. ಯಾವ ಕೋಳಿ ಗೆದ್ದರೂ ತನಗೆ ಸರಿಯಾಗಿ 12 ಹೊನ್ನು ಉಳಿಯಬೇಕು. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಇದು ಯಾವುದೋ ಕಂಪನಿಯ ಇಂಟರ್‌ವ್ಯೂ ಪ್ರಶ್ನೆ ಅಲ್ಲ. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟ ಲೆಕ್ಕ. ಉತ್ತರ 42 ಮತ್ತು 40. ತಾಳೆ ಹಾಕಿ ನೋಡಿ: ಮೊದಲನೆಯವನು ಗೆದ್ದರೆ 42 ಬಂತು, ಎರಡನೆಯವನಿಗೆ 40ರ ಮುಕ್ಕಾಲು, ಅಂದರೆ 30 ಹೋಯ್ತು, 12 ಉಳೀತು. ಎರಡನೆಯವನು ಗೆದ್ದರೆ 40 ಬಂತು, 42ರ ಮೂರರಲ್ಲಿ ಎರಡು ಪಾಲು 28 ಹೋಯ್ತು, ಮತ್ತೆ 12. ಕೋಳಿಗಳು ಬಡಿದಾಡಿ ಸಾಯ್ತವೆ, ಇವನು ಸೊಂಟಕ್ಕೆ 12 ಹೊನ್ನು ಸಿಕ್ಕಿಸಿಕೊಂಡು ಮನೆಗೆ ಹೋಗ್ತಾನೆ.

ಮಹಾವೀರಾಚಾರ್ಯ ಜೈನ. ಜೈನರ ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜಿಗೇ ಮೊದಲ ಸ್ಥಾನ. ಪುಸ್ತಕದ ಶುರುವಿನಲ್ಲಿ ಅವನು ಹೊಗಳೋದು ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು (ಆಳ್ವಿಕೆ 814–878). ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಕೋಳಿ ಅಂಕದ ಲೆಕ್ಕ ಅಂಥವನ ಕೈಯಿಂದ ಬಂದದ್ದು ನನಗೆ ಬಹಳ ಇಷ್ಟ ಆಗುತ್ತೆ. 1912ರಲ್ಲಿ ಮದರಾಸಿನ ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ ಮೇಲೆ ಹೊರಗಿನ ಜಗತ್ತಿಗೂ ಇದು ಗೊತ್ತಾಯ್ತು.

ಆದರೆ ಲೆಕ್ಕದಲ್ಲಿ ಇಲ್ಲದ ಒಂದು ವಿಷಯ ಗಮನಿಸಿ. ಯಾವ ಕೋಳಿ ಬಲವಾದದ್ದು ಅಂತ ಎಲ್ಲೂ ಹೇಳಿಲ್ಲ. ಬೇಕಾಗಿಯೂ ಇಲ್ಲ. ಬರೀ ಪಣದ ಲೆಕ್ಕದಲ್ಲೇ ಅದೃಷ್ಟವನ್ನು ಹೊರಗಿಟ್ಟ ಜಾಣ ಅವನು. ನಾವು ಅಷ್ಟು ಜಾಣರಲ್ಲ, ಕೋಳಿ ಸಾಕುವ ಕಡೆಯವರು. ನಮಗೆ ಎರಡು ಸಂಖ್ಯೆ ಬೇಕು: ಗೆದ್ದರೆ ಎಷ್ಟು ಬರುತ್ತೆ, ಗೆಲ್ಲೋ ಸಾಧ್ಯತೆ ಎಷ್ಟು. ಪೋಕರ್‌ನಲ್ಲಿ ಮೊದಲನೆಯದಕ್ಕೆ ಪಾಟ್ ಆಡ್ಸ್ ಅಂತಾರೆ. ಕಲಿಯೋಕೆ ಹತ್ತು ನಿಮಿಷ ಸಾಕು, ಆದರೂ ವಾರಾಂತ್ಯಕ್ಕೆ ಫ್ಲ್ಯಾಟಿನಲ್ಲಿ ಕೂತು ಆಡೋ ಎಷ್ಟೋ ಜನ ಇಂಜಿನಿಯರುಗಳಿಗೆ ಇದು ಗೊತ್ತಿರಲ್ಲ. ‘ಫೀಲಿಂಗ್ ಬಂತು ಮಗಾ’ ಅಂತ ದುಡ್ಡು ಹಾಕ್ತಾರೆ.

ಟೆಕ್ಸಸ್ ಹೋಲ್ಡೆಮ್ ಗೊತ್ತಿಲ್ಲದವರಿಗೆ ಎರಡೇ ಸಾಲು. ಪ್ರತಿಯೊಬ್ಬರ ಕೈಗೆ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಟ್ಟು ಏಳರಲ್ಲಿ ಚೆನ್ನಾದ ಐದರದ್ದೇ ಆಟ. ಪ್ರತಿ ಹಂತದಲ್ಲೂ ದುಡ್ಡು ಕಟ್ಟಬಹುದು. ಎದುರಿನವನು ಕಟ್ಟಿದರೆ ಅಷ್ಟೇ ಹಾಕಿ ಮುಂದುವರಿಬೇಕು, ಇಲ್ಲಾ ಪ್ಯಾಕ್ ಆಗಬೇಕು.

ಈಗ ನಡುವೆ 600 ರೂಪಾಯಿ ಬಿದ್ದಿದೆ ಅಂದುಕೊಳ್ಳಿ. ಕೊನೇ ಎಲೆಯೊಂದು ಬಾಕಿ. ನಿಮ್ಮ ಕೈಯಲ್ಲಿ ಎರಡು ಬದಾಮ, ಅದೇ ಕೆಂಪು ಹೃದಯದ ಎಲೆ, ನಡುವೆ ಇನ್ನೆರಡು ಬದಾಮ. ಇನ್ನೊಂದು ಬಂದರೆ ಐದೂ ಒಂದೇ ಜಾತಿ, ಗೆಲುವು ಹೆಚ್ಚು ಕಡಿಮೆ ಗ್ಯಾರಂಟಿ. ಬರದಿದ್ದರೆ ಕೈ ಖಾಲಿ. ಎದುರಿನವನು 200 ಕಟ್ತಾನೆ. ನೀವು ಹಾಕ್ತೀರಾ?

ಬೆಲೆ ಮೊದಲು ನೋಡಿ. 600ಕ್ಕೆ ಅವನ 200 ಸೇರಿ 800 ಆಯ್ತು. 200 ಕೊಟ್ಟು 800 ಗೆಲ್ಲೋ ಅವಕಾಶ, ಒಂದಕ್ಕೆ ನಾಲ್ಕು. ನೀವು ಹಾಕಿದ ಮೇಲೆ ರಾಶಿ 1000. ಅದರಲ್ಲಿ ನಿಮ್ಮದು 200, ಅಂದರೆ ನೂರಕ್ಕೆ 20. ಐದು ಸಲಕ್ಕೆ ಒಂದು ಸಲವಾದರೂ ಗೆಲ್ಲೋ ಹಾಗಿದ್ದರೆ ಮಾತ್ರ ಈ 200 ಹಾಕೋದು ನಷ್ಟ ಅಲ್ಲ. ತುಂಬಾ ಜನ ಎಡವೋದು ಇಲ್ಲಿ: 200ನ್ನು 800ರಿಂದ ಭಾಗಿಸಿ 25 ಅಂತಾರೆ. ನಿಮ್ಮ ದುಡ್ಡೂ ರಾಶಿಗೆ ಸೇರುತ್ತೆ, ಅದನ್ನ ಮರೀಬೇಡಿ.

ಇನ್ನು ಎಲೆ. ಕಟ್ಟಿನಲ್ಲಿ 52. ನಿಮಗೆ ಕಂಡದ್ದು ಕೈಯ 2, ನಡುವಿನ 4. ಕಾಣದ್ದು 46. ಬದಾಮ ಒಟ್ಟು 13, ನಾಲ್ಕು ಕಂಡಿವೆ, ಉಳಿದದ್ದು 9. ಒಂಬತ್ತನ್ನು 46ರಿಂದ ಭಾಗಿಸಿದರೆ ನೂರಕ್ಕೆ 19.6. ಬೇಕಾದ್ದು 20, ಇರೋದು 19.6. ಕೂದಲೆಳೆಯಷ್ಟು ಕಡಿಮೆ, ಲೆಕ್ಕದ ಪ್ರಕಾರ ಪ್ಯಾಕ್. ಬದಾಮ ಬಿದ್ದ ಮೇಲೂ ಎದುರಿನವನಿಂದ ಇನ್ನಷ್ಟು ಕೀಳಬಹುದು ಅನ್ನೋ ನಂಬಿಕೆ ಇದ್ದರೆ ಹಾಕಬಹುದು. ಆ ನಂಬಿಕೆಗೆ ಬೇರೆ ಹೆಸರಿದೆ, ಅದಕ್ಕೆ ಎದುರಿನವನ ಮುಖ ಓದೋಕೆ ಬರಬೇಕು. ಮೇಜಿನಲ್ಲಿ ಭಾಗಾಕಾರ ಮಾಡೋಕೆ ಆಗದವರು ಬೇಕಾದ ಎಲೆಗಳ ಸಂಖ್ಯೆಯನ್ನ ಎರಡರಿಂದ ಗುಣಿಸ್ತಾರೆ: 9ಕ್ಕೆ 18, ಸುಮಾರಾಗಿ ಸರಿ. ಎರಡು ಎಲೆ ಬಾಕಿ ಇದ್ದರೆ ನಾಲ್ಕರಿಂದ: 36. ನಿಜವಾದ ಲೆಕ್ಕ 35. ಆದರೆ ನಾಲ್ಕರ ಗುಣಾಕಾರ ನಡುವೆ ಇನ್ನೊಮ್ಮೆ ದುಡ್ಡು ಕಟ್ಟದೆ ಎರಡೂ ಎಲೆ ನೋಡೋಕೆ ಸಿಗೋವಾಗ ಮಾತ್ರ. ಇದನ್ನ ಹೇಳದೆ ಕಲಿಸೋರು ಜಾಸ್ತಿ.

ಎಲೆ ಎಣಿಸೋ ಈ ವಿದ್ಯೆಯೂ ಮಹಾವೀರಾಚಾರ್ಯನಲ್ಲಿದೆ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ವಿಧದಲ್ಲಿ ಆರಿಸಬಹುದು ಅನ್ನೋದಕ್ಕೆ ಅವನು ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ. ಅವನ ಉದಾಹರಣೆ ಇಸ್ಪೀಟಲ್ಲ, ಅಡುಗೆಮನೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿ ಬೆರೆಸಿ ಎಷ್ಟು ಬಗೆ ಮಾಡಬಹುದು? ಒಂದೊಂದೇ ಆದರೆ 6, ಎರಡೆರಡು 15, ಮೂರು ಮೂರು 20, ಹೀಗೆ ಒಟ್ಟು 63. ಅದೇ ಸೂತ್ರಕ್ಕೆ 52 ಎಲೆ ಹಾಕಿ: 52ನ್ನು 51ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 1326. ಹೋಲ್ಡೆಮ್‌ನಲ್ಲಿ ಕೈಗೆ ಬರಬಹುದಾದ ಜೋಡಿಗಳು ಅಷ್ಟು.

ಇಂಥ ಗಣಿತ ಆಸ್ಥಾನದ ಪಂಡಿತರಿಗೆ ಮಾತ್ರ ಮೀಸಲಾಗಿತ್ತು ಅಂತ ನಮ್ಮಲ್ಲಿ ಒಂದು ಕಲ್ಪನೆ ಇದೆ. ಗದಗ ತಾಲೂಕಿನ ಕೋಟುಮಚಗಿಗೆ ಬನ್ನಿ. ಎರೆಹೊಲ, ಕಡಲೆ, ಹತ್ತಿ, ಮೆಣಸಿನಕಾಯಿಯ ಊರು. ಕಲ್ಯಾಣ ಚಾಲುಕ್ಯರ ಐದನೇ ವಿಕ್ರಮಾದಿತ್ಯನ ಕಾಲದ, 1012ರ ಶಾಸನ ಈ ಊರಿನದು. ಶಾಸನದಲ್ಲಿ ಊರಿನ ಹೆಸರು ಉಮ್ಮಚಿಗೆ, ಆಗ ಅದು ಅಗ್ರಹಾರ. ಕಲಿಸೋ ಉಪಾಧ್ಯಾಯರಿಗೆ ಭೂಮಿ ಬಿಟ್ಟ ವಿವರ ಅದರಲ್ಲಿದೆ. ವ್ಯಾಕರಣ, ಮೀಮಾಂಸೆ ಹೇಳೋರ ಜೊತೆಗೆ ಅಕ್ಕರಿಗ ಭಟ್ಟನಿಗೂ ಪಾಲು. ಅವನು ಕಲಿಸಬೇಕಾದ ವಿಷಯಗಳಲ್ಲಿ ಗಣಿತವೂ ಇದೆ. ಅದೇ ಕಲ್ಲಿನಲ್ಲಿ ಬೈದರೆ ಎಷ್ಟು ದಂಡ, ಹೊಡೆದರೆ ಎಷ್ಟು, ಕಠಾರಿ ಹಿರಿದರೆ ಎಷ್ಟು ಅನ್ನೋ ದರಪಟ್ಟಿ ಬೇರೆ! ಯಾವ ಕೆಲಸಕ್ಕೆ ಏನು ಬೆಲೆ ಅಂತ ಮೊದಲೇ ಕೆತ್ತಿಟ್ಟು ಬದುಕಿದ ಊರು. ಒಂದೆರಡು ಶತಮಾನ ಕಳೆಯೋದರೊಳಗೆ ತೆಲುಗಿನಲ್ಲಿ ಪಾವುಲೂರಿ ಮಲ್ಲನ ಮಹಾವೀರಾಚಾರ್ಯನನ್ನು ಅನುವಾದಿಸಿದ, ಕನ್ನಡದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ.

ಅಂದರೆ ಬೆಲೆ ಹಾಕೋ ಲೆಕ್ಕವೂ ಇತ್ತು, ಎಣಿಸೋ ಲೆಕ್ಕವೂ ಇತ್ತು, ಒಂದೇ ಪುಸ್ತಕದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಈ ಸಾಧ್ಯತೆಗೆ ಈ ಬೆಲೆ ನ್ಯಾಯವೇ’ ಅಂತ ಕೇಳಿದ್ದು ಮಾತ್ರ ಬಹಳ ತಡವಾಗಿ, ಬಹಳ ದೂರದಲ್ಲಿ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಳ್ತಾ ಒಂದು ಜೂಜಿನ ಜಗಳ ಬಿಡಿಸಿದರು. ಇಬ್ಬರು ತಲಾ 32 ನಾಣ್ಯ ಕಟ್ಟಿ ಆಡ್ತಿದಾರೆ, ಮೂರು ಆಟ ಮೊದಲು ಗೆದ್ದವನಿಗೆ 64 ಪೂರ್ತಿ. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಲ್ಲಿಸಬೇಕಾಯ್ತು. ಹೇಗೆ ಹಂಚೋದು? ಪ್ಯಾಸ್ಕಲ್ ಹೇಳಿದ್ದು 48 ಮತ್ತು 16. ಮುಂದಿನ ಆಟ ಮೊದಲನೆಯವನು ಗೆದ್ದರೆ 64 ಅವನದೇ, ಸೋತರೆ ಇಬ್ಬರೂ ಸಮ, ಆಗ ಅವನಿಗೆ 32. ಅಂದರೆ 32 ಹೇಗಿದ್ದರೂ ಅವನದು, ಉಳಿದ 32ರಲ್ಲಿ ಅರ್ಧ ಸೇರಿಸಿ. ಇನ್ನೂ ನಡೆಯದ ಆಟಕ್ಕೆ ಇವತ್ತೇ ಬೆಲೆ ಕಟ್ಟೋದು ಇಲ್ಲಿ ಶುರು. ಪೋಕರ್ ಆಗ ಹುಟ್ಟಿರಲೇ ಇಲ್ಲ. ಅದು ಅಮೆರಿಕದ ನದಿದೋಣಿಗಳಲ್ಲಿ ಹಬ್ಬಿದ್ದು ಹತ್ತೊಂಬತ್ತನೇ ಶತಮಾನದಲ್ಲಿ.

ನಮ್ಮ ಕಡೆ ಈ ಪ್ರಶ್ನೆಯ ಹತ್ತಿರಕ್ಕೆ ಬಂದದ್ದು ಗಣಿತಗ್ರಂಥಕ್ಕಿಂತ ಕಥೆ. ನಳನ ಕಥೆ ಗೊತ್ತಲ್ಲ, ಕನಕದಾಸರು ಕನ್ನಡದಲ್ಲಿ ಹೇಳಿದ್ದು? ಮೂಲ ಭಾರತದಲ್ಲಿ, ಜೂಜಿನಲ್ಲಿ ರಾಜ್ಯ ಕಳಕೊಂಡ ನಳ ಋತುಪರ್ಣನ ಸಾರಥಿಯಾಗಿ ರಥ ಓಡಿಸ್ತಿರ್ತಾನೆ. ದಾರಿಯಲ್ಲಿ ಒಂದು ತಾರೆಮರ. ಹಳೇ ಕಾಲದ ಜೂಜಿಗೆ ದಾಳ ಆಗಿದ್ದೇ ಆ ಮರದ ಕಾಯಿ. ಋತುಪರ್ಣ ಅದರ ಎಲೆ ಎಷ್ಟು, ಕಾಯಿ ಎಷ್ಟು ಅಂತ ಒಂದು ನೋಟಕ್ಕೇ ಹೇಳ್ತಾನೆ. ನಳ ನಂಬಲ್ಲ, ರಥ ನಿಲ್ಲಿಸಿ ಎಣಿಸ್ತಾನೆ, ಸರಿಯಾಗೇ ಇರುತ್ತೆ. ದಾಳದ ಹೃದಯ ಬಲ್ಲವನಿಗೆ ಎಣಿಕೆಯೂ ಗೊತ್ತು ಅನ್ನೋದು ಋತುಪರ್ಣನ ವಿವರಣೆ. ಆ ಅಕ್ಷಹೃದಯ ಕಲಿತ ಮೇಲೇ ನಳ ವಾಪಸ್ ಆಡಿ ಗೆದ್ದದ್ದು. ಸಂಭವನೀಯತೆಯ ಚರಿತ್ರೆ ಬರೆದ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗದ ಮುಂದೆ ಬೆರಗಾಗಿ ನಿಂತಿದ್ದಾರೆ.

ಧರ್ಮರಾಯನಿಗೆ ಯಾರೂ ಕಲಿಸಲಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅನ್ನೋ ಪ್ರತೀತಿಯ ಸೀಮೆಯಲ್ಲಿ ಬೆಳೆದವರು ನಾವು, ಪಗಡೆಯಾಟದ ಪ್ರಸಂಗ ನಿದ್ದೆಗಣ್ಣಿನಲ್ಲೂ ಗೊತ್ತು. ಶಕುನಿಯ ಮೋಸ, ಧರ್ಮರಾಯನ ಚಟ, ಇವೇ ಚರ್ಚೆ. ವ್ಯಾಸಭಾರತದ ಸಭಾಪರ್ವವನ್ನ ಪೋಕರ್ ಆಡೋನ ಕಣ್ಣಲ್ಲಿ ಓದಿದರೆ ಬೇರೆ ಒಂದು ಕಾಣುತ್ತೆ. ಮೊದಲ ಪಣಕ್ಕೆ ಮಣಿಯ ಹಾರ ಇಟ್ಟಾಗ ಧರ್ಮರಾಯ ಕೇಳ್ತಾನೆ, ಇದಕ್ಕೆ ಪ್ರತಿಯಾಗಿ ನಿನ್ನ ಪಣ ಏನು ಅಂತ. ದುರ್ಯೋಧನ, ನನ್ನ ಹತ್ತಿರವೂ ರತ್ನ, ಧನ ಬೇಕಾದಷ್ಟಿದೆ, ಗೆದ್ದುಕೋ ಅಂತಾನೆ. ಅಷ್ಟೇ. ಆಮೇಲೆ ಆ ಪ್ರಶ್ನೆ ಮತ್ತೆ ಬರೋದಿಲ್ಲ. ರಥ ಇಟ್ಟ, ಆನೆ ಇಟ್ಟ, ರಾಜ್ಯ ಇಟ್ಟ, ತಮ್ಮಂದಿರನ್ನ ಇಟ್ಟ, ದ್ರೌಪದಿಯನ್ನ ಇಟ್ಟ. ಎದುರಿಗೆ ಏನಿತ್ತು ಅಂತ ಪಟ್ಟಿ ಇಲ್ಲ. ಇಬ್ಬರ ಪಣವೂ ಸರಿಸಮ ಅಂತ ಬಾಯಿಬಿಟ್ಟು ಹೇಳೋದು ಎರಡನೇ ಸಲದ ವನವಾಸದ ಆಟದಲ್ಲಿ. ಅಷ್ಟೊತ್ತಿಗೆ ಕಾಲ ಮಿಂಚಿತ್ತು. ದಾಳ ನೇರವಾಗಿದ್ದಿದ್ದರೂ ಅದು ಆಡಬಾರದ ಆಟ.

ಎದುರಿನ ಪಣ ಕೇಳದ ಈ ಚಾಳಿಯ ಇವತ್ತಿನ ಹೆಸರು ಓಸಿ. ಅಂದರೆ ಮಟ್ಕಾ. ಓಪನ್, ಕ್ಲೋಸ್ ಅನ್ನೋದರ ಗಿಡ್ಡ ರೂಪ ಅದು, ಮತ್ತು ಅದರ ಹುಟ್ಟು ಹತ್ತಿಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆ ಯಾವ ದರಕ್ಕೆ ತೆರೆಯಿತು, ಯಾವ ದರಕ್ಕೆ ಮುಚ್ಚಿತು ಅಂತ ಮುಂಬೈಗೆ ಟೆಲಿಪ್ರಿಂಟರಿನಲ್ಲಿ ಬರ್ತಿದ್ದ ಅಂಕಿಗಳ ಮೇಲೆ ಜನ ದುಡ್ಡು ಕಟ್ಟೋರು. ಅದು ನಿಂತ ಮೇಲೆ 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ನಂಬರ್ ಎತ್ತೋಕೆ ಶುರು ಮಾಡಿದರು. ಗದಗ ಸೀಮೆಗೆ ಹತ್ತಿ ಹೊಸದಲ್ಲ. 1840ರ ದಶಕದಲ್ಲಿ ಅಮೆರಿಕದ ಬೀಜ ತಂದು ಒಗ್ಗಿಸಿದ ‘ಧಾರವಾಡ ಅಮೆರಿಕನ್’ ಹತ್ತಿ ಇಲ್ಲಿಯ ಎರೆಯಲ್ಲಿ ಬೆಳೆದದ್ದು, 1861ರಿಂದ 65ರ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಬಂಗಾರದ ಬೆಲೆಗೆ ಹೋದದ್ದು. ಹತ್ತಿ ಮುಂಬೈಗೆ ಹೋಯ್ತು, ಅಲ್ಲಿಂದ ನಂಬರ್ ವಾಪಸ್ ಬಂತು ನೋಡಿ.

ನಮ್ಮೂರ ಚಾದಂಗಡಿಯಲ್ಲಿ ಒಬ್ಬ ಕಾಕಾ ದಿನಾ ಬೆಳಿಗ್ಗೆ ಹತ್ತು ರೂಪಾಯಿ ಹಚ್ಚೋರು. ಕನಸಿನಲ್ಲಿ ಹಾವು ಬಂದರೆ ಒಂದು ನಂಬರ್, ಮದುವೆ ಬಂದರೆ ಇನ್ನೊಂದು. ರಾತ್ರಿ ಬಂದ ನಂಬರಿನ ಹಿಂದು ಮುಂದು ನೋಡಿ ನಾಳೆಯದನ್ನ ಕಂಡುಹಿಡಿಯೋ ಚಾರ್ಟ್ ಬೇರೆ, ನಮ್ಮ ಆಫೀಸಿನ ಎಷ್ಟೋ ಡ್ಯಾಶ್‌ಬೋರ್ಡಿಗಿಂತ ಅಚ್ಚುಕಟ್ಟು. ಬೆಲೆಯ ಮಾತು ಮಾತ್ರ ಯಾರೂ ಎತ್ತಲ್ಲ. ಒಮ್ಮೆ ನಾನು ಕೇಳಿದೆ:

‘ಕಾಕಾ, ಜೋಡಿ ನಂಬರ್ ನೂರು ಅದಾವ್ರಿ. ಅಂವ ಒಂದಕ್ಕ ಎಂಬತ್ತ ಕೊಡ್ತಾನಲ್ಲ?’

‘ಅಂವ ಎಂಬತ್ತರ ಕೊಡ್ತಾನ ತಮ್ಮಾ. ಮಳಿ ಏನ್ ಕೊಡ್ತೈತಿ ಹೇಳು.’

ಆ ವರ್ಷ ಅವರ ಹೊಲದಲ್ಲಿ ಕಡಲೆ ಮೊಳಕೆಯಲ್ಲೇ ಒಣಗಿತ್ತು. ನಾನು ಚಾ ಕುಡಿದೆ.

ಲೆಕ್ಕ ಹಾಕಿದರೆ ನೂರು ರೂಪಾಯಿ ಹಚ್ಚಿದಾಗ ಸರಾಸರಿ ಎಂಬತ್ತು ವಾಪಸ್. ಹತ್ತಕ್ಕೆ ಎರಡು ರೂಪಾಯಿ ನಷ್ಟ, ವರ್ಷಕ್ಕೆ 730. ನನ್ನ ಓಟಿಟಿ ಚಂದಾ ಇದಕ್ಕಿಂತ ಜಾಸ್ತಿ. ಅಷ್ಟೇ ಆಗಿದ್ದರೆ ಕಾಕಾನ ಮುಂದೆ ನಾನು ಬಾಯಿ ತೆರೆಯೋ ಹಾಗೇ ಇರಲಿಲ್ಲ. ಆದರೆ ಹತ್ತಕ್ಕೆ ನಿಂತವರನ್ನ ನಾನು ಹೆಚ್ಚು ನೋಡಿಲ್ಲ. ಹೋದದ್ದನ್ನ ತರೋಕೆ ಐವತ್ತು, ಅದನ್ನ ತರೋಕೆ ಐನೂರು. ಪ್ರತಿ ರೂಪಾಯಿಗೂ ಅದೇ ಇಪ್ಪತ್ತು ಪೈಸೆ ಸೋರುತ್ತೆ. ಕಾಕಾ ಕೊನೆಗೆ ಎತ್ತು ಮಾರಿದ್ದು ಮಳೆಗಾಗಿ ಅಂತ ಊರೆಲ್ಲ ಹೇಳ್ತು.

ನಮ್ಮ ಕೋರ್ಟುಗಳು ಕೇಳೋ ಪ್ರಶ್ನೆ ಬೇರೆ: ಇದು ಕೌಶಲವೋ, ಅದೃಷ್ಟವೋ? ಇದರ ಮೂಲದಲ್ಲೂ ಬೆಂಗಳೂರು ಇದೆ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅನ್ನೋರು ಇಲ್ಲಿ ಅಚ್ಚಾಗ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯಲ್ಲಿ ಬಹುಮಾನದ ಪದಬಂಧ ನಡೆಸ್ತಿದ್ದರು, ಮೈಸೂರು ರಾಜ್ಯದ ಲೈಸೆನ್ಸೂ ಇತ್ತು. ಮುಂಬೈ ಸರ್ಕಾರ ತೆರಿಗೆ ಹಾಕಿದಾಗ ಶುರುವಾದ ಮೊಕದ್ದಮೆ 1957ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕೌಶಲ ಮೇಲುಗೈ ಆಗಿದ್ದರೆ ಜೂಜಲ್ಲ ಅನ್ನೋ ಮಾತು ಅಲ್ಲಿಂದ ಬೇರೂರಿತು. 1968ರಲ್ಲಿ ರಮ್ಮಿ ಪಾಸಾಯ್ತು, ಮೂರೆಲೆ ಆಟ ಪಾಸಾಗಲಿಲ್ಲ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲ ಅದೃಷ್ಟ ಎರಡೂ ಒಂದೇ, ದುಡ್ಡು ಕಟ್ಟಿ ಆನ್‌ಲೈನಿನಲ್ಲಿ ಆಡೋದೇ ಬೇಡ ಅಂತ ಕಾಯ್ದೆ ತಂದಿತು.

ಪೋಕರ್‌ನಲ್ಲಿ ಕೌಶಲ ಇದೆ, ನನಗೆ ಅನುಮಾನ ಇಲ್ಲ. 46 ಎಲೆ ಯಾರ ಮಾತೂ ಕೇಳಲ್ಲ, ಆದರೆ 200 ಹಾಕೋದಾ ಬಿಡೋದಾ ನಿಮ್ಮ ಕೈಲಿದೆ. ತೊಂದರೆ ಏನಂದರೆ ಕೌಶಲ ಎದುರಿನವನಿಗೆ ಹೋಲಿಸಿ ಅಳೆಯೋ ವಸ್ತು. ಈ ಲೇಖನ ಓದಿದ ಆರು ಜನ ಒಂದೇ ಮೇಜಿಗೆ ಕೂತರೆ ಆರೂ ಜನಕ್ಕೆ ಪಾಟ್ ಆಡ್ಸ್ ಗೊತ್ತು, ಯಾರಿಗೂ ಲಾಭ ಇಲ್ಲ. ಮೇಜು ಹಾಕಿದವನೊಬ್ಬನ್ನ ಬಿಟ್ಟು. ಪ್ರತಿ ಆಟದ ರಾಶಿಯಿಂದ ಅವನು ತನ್ನ ಪಾಲು ತೆಗೀತಾನೆ, ಅದಕ್ಕೆ ರೇಕ್ ಅಂತ ಹೆಸರು. ಮೇಲಿನ ಬದಾಮದ ಲೆಕ್ಕಕ್ಕೆ ನೂರಕ್ಕೆ ಐದು ರೇಕ್ ಸೇರಿಸಿ: 1000ದ ರಾಶಿಯಲ್ಲಿ ನಿಮಗೆ ಬರೋದು 950. 200ನ್ನು 950ರಿಂದ ಭಾಗಿಸಿದರೆ 21. ಆಗಲೇ ಕೊಂಚ ದುಬಾರಿಯಾಗಿದ್ದ ಎಲೆ ಇನ್ನೂ ದುಬಾರಿಯಾಯ್ತು.

ಪೂರ್ತಿ ರಾತ್ರಿಗೆ ಹಾಕಿ ನೋಡಿ. ಆರು ಜನ, ತಲಾ 2000, ಒಟ್ಟು 12000. ಒಂದು ಆಟದ ರಾಶಿ ಸರಾಸರಿ 400, ರೇಕ್ 20 ರೂಪಾಯಿ. ಮೊಬೈಲಿನಲ್ಲಿ ಗಂಟೆಗೆ 60 ಆಟ ನಡೆದರೆ 1200. ಯಾರೂ ಹೊಸದಾಗಿ ದುಡ್ಡು ತರದೆ ಅದೇ ವೇಗದಲ್ಲಿ ಆಡ್ತಾ ಹೋದರೆ ಹತ್ತು ಗಂಟೆಯಲ್ಲಿ ಆರೂ ಜೇಬು ಖಾಲಿ, ಯಾರು ಎಷ್ಟು ಚೆನ್ನಾಗಿ ಪ್ಯಾಕ್ ಆದರು ಅನ್ನೋದು ಏನೇ ಇರಲಿ. ಮಹಾವೀರಾಚಾರ್ಯನ ಮಂತ್ರವಾದಿ ಒಂದು ಕಾಳಗಕ್ಕೆ 12 ಹೊನ್ನಿಗೆ ತೃಪ್ತನಾಗಿದ್ದ, ಅದೂ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಗುಟ್ಟಾಗಿ ಮಾತಾಡಬೇಕಿತ್ತು.